ಇಲ್ಲವೆಂದು ಚೀಟಿಯಿಟ್ಟ ಹಾಳೆ

ಗುರುವಾರ, ಜನವರಿ 11

ಅತ್ತಿಗೆಯವರಿಗೆ ನಮಸ್ಕಾರಗಳು.

ಇವತ್ತು ನನ್ನ ಉಪವಾಸ. ಐದಕ್ಕೆ ಎದ್ದು ನೀರು ಹಿಡಿದು, ನೆಲ ಒರೆಸಿ, ದೇವರ ಮುಂದೆ ದೀಪ ಹಚ್ಚಿದೆ. ಇವರಿಗೆ ಬುತ್ತಿ ಕಟ್ಟಿ ಶಾಲೆಯ ಬಸ್ಸು ಓಡಿಸಲು ಕಳಿಸಿ, ಒಂದು ಲೋಟ ಹಾಲು ಕುಡಿದು ಕೂತಿದ್ದೇನೆ. ಕೆಲಸಕ್ಕೆ ಹೊರಡಲು ಇನ್ನೂ ಮುಕ್ಕಾಲು ಗಂಟೆ ಇದೆ. ಹನ್ನೊಂದು ವರ್ಷದ ಮೇಲೆ ಕಾಗದ ಬರೆಯುವವಳಿಗೆ ಮುಕ್ಕಾಲು ಗಂಟೆ ಎಲ್ಲಿ ಸಾಕು ಅಂತ ನೀವು ನಗಬಹುದು. ನಗಿ. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಕಿವಿ ಮಂದವಾಗಿದೆ ಅಂತ ಕೇಳಿದೆ, ಫೋನು ಎತ್ತುವವಳು ನಿಮ್ಮ ಸೊಸೆ, ಮತ್ತು ನಾನು ಹೇಳಬೇಕಾದದ್ದು ಮೂರನೆಯವರ ಕಿವಿಗೆ ಬೀಳುವಂಥದ್ದಲ್ಲ.

ನಾನು ದೊಡ್ಡ ಗ್ರಂಥಾಲಯವೊಂದರಲ್ಲಿ ಕಸ ಗುಡಿಸಲು ಸೇರಿದ್ದು ನಿಮಗೆ ಗೊತ್ತು. ಈಗ ಪೊರಕೆ ಬಿಟ್ಟು ಒಂದೂವರೆ ವರ್ಷವಾಯಿತು. ಒಂದು ದಿನ ನೆಲಕ್ಕೆ ಬಿದ್ದ ಹರಕು ಹಾಳೆಯೊಂದನ್ನು ನಾನು ಎತ್ತಿಕೊಟ್ಟ ರೀತಿ ನೋಡಿ ನಮ್ಮ ಮೇಲಿನವರು ಕರೆದರು. ಅವರ ಜೇಬಿನಲ್ಲಿ ಯಾವಾಗಲೂ ಅಡಿಕೋಲು ಇರುವುದರಿಂದ ನಾವೆಲ್ಲ ಅಳತೆ ಸಾಹೇಬರು ಅನ್ನುತ್ತೇವೆ. “ನಿಮ್ಮ ಕೈ ಬೆವರೋದಿಲ್ಲ ಕಣಮ್ಮ. ಪೊರಕೆಗೆ ಯಾಕೆ ದಂಡ ಮಾಡ್ತೀರಿ, ಪುಟಕ್ಕೆ ಬನ್ನಿ” ಅಂದರು. ಈಗ ನನ್ನ ಕೆಲಸ ಪುಟ ತಿರುಗಿಸುವುದು. ತೊಟ್ಟಿಲಿನಂಥ ಒಂದು ಹಲಗೆ. ಅದರಲ್ಲಿ ಪುಸ್ತಕ ಮಲಗಿಸಬೇಕು, ಧೂಳು ಬ್ರಷ್ಷಿನಿಂದ ತೆಗೆಯಬೇಕು, ಗಾಜು ಇಳಿಸಬೇಕು, ಕಾಲಿನಿಂದ ಒತ್ತಬೇಕು. ಎರಡು ಕ್ಯಾಮೆರಾ ಕಣ್ಣು ಮಿಟುಕಿಸುತ್ತವೆ. ಮತ್ತೆ ಗಾಜು ಎತ್ತು, ಪುಟ ತಿರುಗಿಸು. ದಿನಕ್ಕೆ ಎಂಟುನೂರು ಪುಟ. ಕಾಲೇಜುಗಳು ಹೊರಡಿಸಿದ ಹಳೆಯ ಸಂಶೋಧನಾ ಪತ್ರಿಕೆಗಳು, ಯಾರೂ ಓದದೆ ಬಿಟ್ಟ ದಪ್ಪ ಪುಸ್ತಕಗಳು, ಎಲ್ಲ ಹೀಗೆ ಕಂಪ್ಯೂಟರಿನೊಳಗೆ ಹೋಗುತ್ತವೆ. ಎಲ್ಲೋ ಕೂತ ವಿದ್ಯಾರ್ಥಿ ಒಂದು ಪದ ಬರೆದರೆ ಆ ಪದ ಇರುವ ಪುಟವೆಲ್ಲ ಎದುರಿಗೆ ಬಂದು ನಿಲ್ಲುತ್ತದೆ. ದೇವರಂತೆ ಅದಕ್ಕೆ ಎಲ್ಲ ನೆನಪಿರುತ್ತದೆ, ಅತ್ತಿಗೆ. ಕ್ಷಮಿಸುವುದು ಮಾತ್ರ ಗೊತ್ತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನಗೆ ಇಪ್ಪತ್ತಮೂರು ವರ್ಷವಾಗಿದ್ದಾಗ ನಮ್ಮೂರಿಗೆ ಟೇಪು ಹಿಡಿದುಕೊಂಡು ಒಬ್ಬರು ಬಂದಿದ್ದರಲ್ಲ, ಬಾಣಂತಿಯರ ಬಗ್ಗೆ ಕೇಳಿಕೊಂಡು, ಪ್ರಶ್ನೆ ಮೇಡಂ? ಅವರು ಬರೆದದ್ದು ಅಚ್ಚಾಗಿದೆ. ನಮ್ಮ ಭಾಷೆಯದೇ ಪತ್ರಿಕೆ. ಹೋದ ಬುಧವಾರ ಅದು ನನ್ನ ಹಲಗೆಗೆ ಬಂತು. ಇನ್ನೂರ ಹದಿನೈದು, ಇನ್ನೂರ ಹದಿನಾರನೆಯ ಪುಟದಲ್ಲಿ ನಿಮ್ಮ ಮೊದಲ ಮಗುವಿನ ವಿಷಯ ಇದೆ. ಹೆಸರಿಲ್ಲ. ಆದರೆ ನಮ್ಮವರು ಯಾರು ಓದಿದರೂ ತಿಳಿಯುತ್ತದೆ.

ನಿಮ್ಮ ಕಿರಿಯವಳು ನರ್ಸಿಂಗ್ ಓದುತ್ತಿದ್ದಾಳೆ. ಅವರಿಗೆಲ್ಲ ಪಾಠಕ್ಕೆ ನಮ್ಮ ಈ ಗ್ರಂಥಾಲಯವೇ. ಹೆರಿಗೆ ಅಂತ ಒಂದು ಪದ ಬರೆದಳೋ, ಮುಗಿಯಿತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪುಸ್ತಕದಲ್ಲಿ ಹಾಳೆ ಹರಿದುಹೋಗಿದ್ದರೆ ಆ ಜಾಗದಲ್ಲಿ ಒಂದು ಅಚ್ಚಿನ ಚೀಟಿ ಇಟ್ಟು ಫೋಟೋ ತೆಗೆಯಬೇಕು. ‘ಈ ಹಾಳೆ ಮೂಲ ಪ್ರತಿಯಲ್ಲಿ ಇಲ್ಲ’ ಅಂತ. ನಾನು ಆ ಹಾಳೆಯನ್ನು ಹರಿಯದೆ, ಹಿಂದಿನ ಹಾಳೆಯ ಜೊತೆ ಸೇರಿಸಿ ತಿರುಗಿಸಿ ಚೀಟಿ ಇಟ್ಟುಬಿಟ್ಟೆ. ನಿಮ್ಮ ಮನೆಯ ಮರ್ಯಾದೆಗಾಗಿ. ಸರಿ ಮಾಡಿದೆನೋ ತಪ್ಪೋ ನೀವೇ ಹೇಳಿ. ಯಾರು ಹೇಳಿದ್ದು ಅಂತ ಅದರಲ್ಲಿ ಬರೆದಿಲ್ಲ.

ಹೊತ್ತಾಯಿತು. ಹೊರಡುತ್ತೇನೆ.

ನಿಮ್ಮ ನಾದಿನಿ


ಜನವರಿ 29

ಗುಬ್ಬಿಗೆ ಆಶೀರ್ವಾದ.

ಬದುಕಿದ್ದೀಯಾ? ಸಂತೋಷ. ನಿಮ್ಮಣ್ಣ ತೀರಿಕೊಂಡಾಗ ಬಂದವಳು ಮೂರನೆಯ ದಿನಕ್ಕೆ ಚೀಲ ಎತ್ತಿಕೊಂಡು ಹೋದೆ. ಪಟ್ಟಣದವಳಿಗೆ ಹಳ್ಳಿಯ ನೀರು ಒಗ್ಗುವುದಿಲ್ಲವೇನೋ ಅಂದುಕೊಂಡೆ. ನನ್ನ ಮದುವೆಯಾದಾಗ ನನ್ನ ಬೆನ್ನಿಗೆ ಅಂಟಿಕೊಂಡೇ ಇದ್ದ ಹುಡುಗಿ ನೀನು. ಚಿಲಿಪಿಲಿ ನಿಲ್ಲಿಸು ಅಂದರೆ ನಿಲ್ಲಿಸುತ್ತಿರಲಿಲ್ಲ. ಆಮೇಲೆ ಯಾವಾಗ ನಿನ್ನ ಬಾಯಿ ಕಟ್ಟಿತು ಅಂತ ನನಗೆ ತಿಳಿಯಲೇ ಇಲ್ಲ.

ನಿನ್ನ ಕಾಗದ ಎರಡು ಸಲ ಓದಿದೆ. ಸೊಸೆ “ಏನತ್ತೆ, ಕೋರ್ಟಿನಿಂದ ಬಂತಾ?” ಅಂತ ಕೇಳಿದಳು, ನನ್ನ ಮುಖ ಹಾಗಿತ್ತಂತೆ. ಸರಿಯಾಗೇ ಮಾಡಿದೆ. ಇಲ್ಲ ಅಂತಲೇ ಇರಲಿ. ನಿಮ್ಮಮ್ಮ ಅವತ್ತು ಹೇಳಿದ್ದು ನೆನಪಿದೆಯಲ್ಲ, “ಆಗೇ ಇಲ್ಲ ಅಂದ್ಕೊಳ್ಳಮ್ಮ, ಮುಂದಿನದು ಉಳೀಲಿ” ಅಂತ. ಮೂವತ್ತು ವರ್ಷ ಹಾಗೇ ಅಂದುಕೊಂಡೆ. ನನ್ನ ಮಕ್ಕಳಿಗೆ ಗೊತ್ತಿಲ್ಲ. ಕಿರಿಯವಳು ಓದಿ, ಅಮ್ಮ ನನಗೆ ಇದನ್ನು ಯಾಕೆ ಹೇಳಲಿಲ್ಲ ಅಂತ ಕೇಳಿದರೆ ನಾನು ಏನು ಹೇಳಲಿ?

ಯಾರು ಹೇಳಿದ್ದು ಅಂತ ಬರೆಯದಿದ್ದರೆ ಏನಾಯಿತು. ನಮಗೆ ಗೊತ್ತಿಲ್ಲವಾ? ಬೊಗಸೆಯಜ್ಜಿಯ ಬಾಯಿ. ಸೂಲಗಿತ್ತಿಯಾಗಿ ಊರಿನ ಮುಕ್ಕಾಲು ಮಕ್ಕಳನ್ನು ಬೊಗಸೆಯಲ್ಲಿ ಹಿಡಿದವಳು, ಒಂದು ಮಾತನ್ನು ಹಿಡಿಯಲಾರದೆ ಹೋದಳು. ತೊಂಬತ್ತರ ಹತ್ತಿರ ಈಗ. ಕಣ್ಣು ಕಾಣುವುದಿಲ್ಲ. ಬೀದಿಯ ಕೊನೆಯ ಮನೆಯಲ್ಲೇ, ಹೊಸಿಲ ಮೇಲೆ ಬಿಸಿಲಿಗೆ ಕೂತಿರುತ್ತಾಳೆ. ಹೋದ ಸೋಮವಾರ ನಾನು ಹಾದು ಹೋಗುವಾಗ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು “ದೊಡ್ಡ ಮನೆ ಸೊಸೆ ಅಲ್ವೇನೇ?” ಅಂದಳು. ನಾನು ತಿರುಗಿ ನೋಡಲಿಲ್ಲ. ಇಪ್ಪತ್ತಾರು ವರ್ಷದಿಂದ ನೋಡಿಲ್ಲ, ಈಗ ಯಾಕೆ?

ನೀನು ಮಾಡಿದ್ದು ದೊಡ್ಡ ಉಪಕಾರ ಕಣೇ. ಎಲ್ಲರೂ ಮರೆತರೂ ನೀನೊಬ್ಬಳು ನನ್ನ ಕಡೆ ನಿಂತೆ. ಬರೆಯುತ್ತಿರು.

ಅತ್ತಿಗೆ


ಗುರುವಾರ, ಫೆಬ್ರವರಿ 8

ಅತ್ತಿಗೆಯವರಿಗೆ,

ನಿಮ್ಮ ಕಾಗದ ಬಂದು ಐದು ದಿನವಾಯಿತು. ದೇವರ ಗೂಡಿನಲ್ಲಿಟ್ಟೆ, ಅಲ್ಲಿಂದ ತೆಗೆದೆ. ಅಲ್ಲಿಡಲು ನನಗೆ ಯೋಗ್ಯತೆ ಇಲ್ಲ. ಉಪಕಾರ ಅಂತ ಬರೆದಿದ್ದೀರಿ. ಆ ಪದದ ಮೇಲೆ ಬೆರಳಿಟ್ಟರೆ ಸುಡುತ್ತದೆ.

ನೇರವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ಈ ಸಲವೂ ಜಾರಿಕೊಳ್ಳುತ್ತೇನೆ.

ಪ್ರಶ್ನೆ ಮೇಡಂಗೆ ಹೇಳಿದ್ದು ನಾನು. ಬೊಗಸೆಯಜ್ಜಿ ಅಲ್ಲ.

ಅವರು ಮೊದಲ ಸಲ ಬಂದಾಗ ಬಾವಿಯ ಹತ್ತಿರ ನನ್ನ ಪಕ್ಕ ಕೂತು ಬಟ್ಟೆ ಹಿಂಡಿಕೊಟ್ಟರು. ಓದಿದವರು ನನ್ನ ಪಕ್ಕ ಕೂತದ್ದು ಅದೇ ಮೊದಲು. ನಾನು ಹೇಳಿದ್ದನ್ನೆಲ್ಲ “ಆಮೇಲೆ?” “ಆಮೇಲೆ?” ಅಂತ ಕೇಳಿದರು. ನಮ್ಮ ಮನೆಯಲ್ಲಿ ಯಾರು ನನ್ನನ್ನು ಹಾಗೆ ಕೇಳಿದ್ದರು? ಒಂದು ಸಲ “ಆಮೇಲೆ” ಅಂದಾಗ ಬಾಯಿಗೆ ಬಂದದ್ದು ಆ ಮಗು. ಮೂರು ವರ್ಷದಿಂದ ಯಾರೂ ಸುದ್ದಿ ಎತ್ತದ ಮಗು. ಹೇಳುತ್ತಾ ಅತ್ತುಬಿಟ್ಟೆ. ಹೇಳಿದ ಮೇಲೆ ಹಗುರವೂ ಆಯಿತು. ಅದು ಸುಳ್ಳಲ್ಲ.

ಮಾರನೆಯ ವರ್ಷ ಅವರು ಮತ್ತೆ ಬಂದರು. ಅಂಗಳದಲ್ಲಿ ಅಮ್ಮ ಕಾಳು ಆರಿಸುತ್ತಿದ್ದಳು. ಅವರು ನಿಮ್ಮ ಹತ್ತಿರ ಮೆಲ್ಲಗೆ “ಆ ಒಂಬತ್ತು ದಿನದ ಕೂಸು...” ಅಂದರು. ಅಮ್ಮ ಮೊರ ಕೆಳಗಿಟ್ಟಳು. “ಯಾವ ಕೂಸು? ಯಾರು ಹೇಳಿದ್ದು ನಿಮಗೆ?” ಮೇಡಂ ಬಾಯಿ ಬಿಡಲಿಲ್ಲ, ಕ್ಷಮೆ ಕೇಳಿ ಎದ್ದು ಹೋದರು. ನಿಮ್ಮ ಕೈಯಲ್ಲಿದ್ದ ತಂಬಿಗೆ ಬಿದ್ದು ಉರುಳಿಕೊಂಡು ಬಾಗಿಲವರೆಗೆ ಹೋದದ್ದು ನನಗೆ ಈಗಲೂ ಕೇಳಿಸುತ್ತದೆ. ಸಂಜೆ ಅಮ್ಮ ನನ್ನನ್ನು ಕೂರಿಸಿ “ನೀನಾ?” ಅಂದಳು. ನೀವು ಬಾಗಿಲ ಹಿಂದೆ ನಿಂತಿದ್ದಿರಿ. ನಿಮ್ಮ ಕಾಲು ಕಾಣುತ್ತಿತ್ತು. ನಾನು ಹೇಳಿದೆ, “ನಾನಲ್ಲ. ಅಜ್ಜಿ ಮನೆಗೂ ಹೋಗಿದ್ರಲ್ಲ ಅವರು.”

ಅಷ್ಟೇ ಹೇಳಿದ್ದು. ಅಜ್ಜಿಯೇ ಹೇಳಿದಳು ಅಂತ ಹೇಳಲಿಲ್ಲ. ಇಪ್ಪತ್ತಾರು ವರ್ಷ ನನಗೆ ನಾನೇ ಇದನ್ನು ಹೇಳಿಕೊಂಡೆ: ನಾನು ಅವಳ ಮೇಲೆ ಹಾಕಲಿಲ್ಲ, ಅವಳ ಮನೆಯ ದಾರಿ ತೋರಿಸಿದೆ ಅಷ್ಟೇ. ಉಪವಾಸ ಮಾಡುವವಳು ದೇವರ ಮುಂದೆ ಆಡುವ ಮಾತೇ ಇದು?

ಮಾರನೆಯ ಬೆಳಿಗ್ಗೆ ಅಮ್ಮ ಅಜ್ಜಿಗೆ ನಮ್ಮ ಹೊಸಿಲು ದಾಟಬೇಡ ಅಂದಳು. ಮನೆಮಾತು ಹೊರಗೆ ಹಾಕುವವಳು ಅಂತ ಊರೆಲ್ಲ ಆಯಿತು. ಒಂದೊಂದೇ ಮನೆ ಅವಳನ್ನು ಕರೆಯುವುದು ಬಿಟ್ಟಿತು. ನಿಮ್ಮ ಕಿರಿಯವಳು ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದಾಗ ಎರಡು ದಿನ ನೀವು ಕೂಗಿದಿರಿ. ಬೀದಿಯ ಕೊನೆಯಲ್ಲಿ ಆ ಕೈ ಸುಮ್ಮನೆ ಕೂತಿತ್ತು. ನಾನು ಬಾಣಂತಿ ಕೋಣೆಯ ಬಾಗಿಲಲ್ಲಿ ಬಿಸಿನೀರು ಹಿಡಿದು ನಿಂತಿದ್ದೆ. ಆಗಲೂ ಹೇಳಲಿಲ್ಲ.

ನಿಮ್ಮಿಂದ ದೂರ ಹೋದದ್ದು ಪಟ್ಟಣದ ಸೊಕ್ಕಿಗಲ್ಲ ಅತ್ತಿಗೆ. ನೀವು ಪ್ರೀತಿಯಿಂದ ಗುಬ್ಬಿ ಅಂದರೆ ನನಗೆ ಮನೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಆ ಪುಟದಲ್ಲಿ ಯಾರು ಹೇಳಿದ್ದು ಅಂತ ಬರೆದಿಲ್ಲ ಅಂದೆನಲ್ಲ, ಅದೂ ಸುಳ್ಳು. ಬರೆದಿದೆ. ‘ನಾದಿನಿ’ ಅಂತ. ಚೀಟಿ ಇಟ್ಟದ್ದು ನಿಮ್ಮ ಮರ್ಯಾದೆಗಲ್ಲ, ನನ್ನದಕ್ಕೆ.

ಇನ್ನು ನಿಮ್ಮಿಷ್ಟ. ಬೈಯಿರಿ. ಬರೆಯದಿದ್ದರೂ ಅದೇ ನನ್ನ ಪಾಲು ಅಂದುಕೊಳ್ಳುತ್ತೇನೆ.

ನಾದಿನಿ


ಮಾರ್ಚ್ 14

ಅತ್ತಿಗೆಯವರಿಗೆ,

ಉತ್ತರ ಕೇಳಲು ಬರೆಯುತ್ತಿಲ್ಲ. ಒಂದು ವಿಷಯ ಮಾತ್ರ ತಿಳಿಸಬೇಕಿತ್ತು. ಆ ಸಂಪುಟ ನಮ್ಮ ಗ್ರಂಥಾಲಯದ್ದಲ್ಲ, ಯಾವುದೋ ದೂರದ ಕಾಲೇಜಿನದು, ಎರವಲು ತಂದದ್ದು. ಮೇ ಹದಿನೈದಕ್ಕೆ ಎಲ್ಲ ಪೆಟ್ಟಿಗೆಗಳೂ ವಾಪಸ್ಸು ಹೋಗುತ್ತವೆ. ಆ ಕಾಲೇಜು ಮುಚ್ಚುತ್ತಿದೆಯಂತೆ, ಪುಸ್ತಕಗಳ ಗತಿ ಏನೋ. ಅದಾದ ಮೇಲೆ ಚೀಟಿ ಹೇಳಿದ್ದೇ ನಿಜವಾಗಿಬಿಡುತ್ತದೆ. ಹಾಕಬೇಕೆಂದರೂ ಆಗುವುದಿಲ್ಲ.

ಆ ಕೂಸು ನಿಮ್ಮದು. ಇರಲಿ ಅನ್ನಲು, ಬೇಡ ಅನ್ನಲು ನಿಮಗೇ ಹಕ್ಕು.

ನಾದಿನಿ


ಏಪ್ರಿಲ್ 2

ನಿನಗೆ,

ನಿನ್ನ ಕಾಗದ ಹಿಟ್ಟಿನ ಡಬ್ಬದ ಕೆಳಗಿಟ್ಟಿದ್ದೆ. ಎರಡು ತಿಂಗಳು ದಿನಾ ಡಬ್ಬ ಎತ್ತುತ್ತಿದ್ದೆ, ಇಡುತ್ತಿದ್ದೆ. ಒಲೆಗೆ ಹಾಕಬೇಕೆಂದು ಒಮ್ಮೆ ತೆಗೆದೆ. ಹಾಕಲಿಲ್ಲ.

ಏನು ಬರೆಯಲಿ? ಬೈದರೆ ನಿನಗೆ ಹಗುರವಾಗುತ್ತದೆ. ಅದನ್ನೂ ನಾನೇ ಮಾಡಿಕೊಡಬೇಕಾ?

ಆ ಹಾಳೆಯಲ್ಲಿ ಏನಿದೆಯೋ ಅದನ್ನು ಹಾಗೇ ಬರೆದು ಕಳಿಸು. ನಿನ್ನ ಮಾತು ಒಂದೂ ಸೇರಿಸಬೇಡ, ಅಲ್ಲಿರುವುದು ಒಂದೂ ಬಿಡಬೇಡ.

ಅತ್ತಿಗೆ


ಗುರುವಾರ, ಏಪ್ರಿಲ್ 11

ಅತ್ತಿಗೆಯವರಿಗೆ,

ಕೋಣೆಯಿಂದ ಪುಸ್ತಕ ಹೊರಗೆ ತರುವಂತಿಲ್ಲ, ಫೋನು ಒಳಗೆ ಒಯ್ಯುವಂತಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ನನಗೆ ಹೇಗೂ ಊಟವಿಲ್ಲದ ದಿನ, ಪೆನ್ಸಿಲಿನಲ್ಲಿ ನಕಲು ಮಾಡಿದೆ. ಎರಡು ಸಲ ತಾಳೆ ನೋಡಿದ್ದೇನೆ. ಇದು ಆ ಹಾಳೆ:

‘ಈ ಮನೆಯಲ್ಲಿ ನಡೆದ ಮೊದಲ ಹೆರಿಗೆಯನ್ನು ಕುಟುಂಬದವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗು ಹೆಣ್ಣು. ದಿನ ತುಂಬುವ ಮೊದಲೇ ಹುಟ್ಟಿದ್ದು. ಒಂಬತ್ತು ದಿನ ಬದುಕಿತ್ತು. ತಲೆಗೂದಲು ದಟ್ಟವಾಗಿದ್ದು ಕತ್ತಿನ ಹಿಂಭಾಗದವರೆಗೆ ಇಳಿದಿತ್ತು. ಎಡಗೈಯ ಮುಷ್ಟಿಯನ್ನು ಮಗು ಯಾವಾಗಲೂ ಕೆನ್ನೆಗೆ ಒತ್ತಿಕೊಂಡಿರುತ್ತಿತ್ತು. ತಾಯಿಗೆ ಜ್ವರ ಬಂದು ಎಚ್ಚರ ತಪ್ಪುತ್ತಿದ್ದುದರಿಂದ ಸೂಲಗಿತ್ತಿಯು ಒಂಬತ್ತು ದಿನವೂ ಅಲ್ಲೇ ಉಳಿದು, ಮಗುವನ್ನು ತನ್ನ ಎದೆಗೆ ಬಟ್ಟೆಯಿಂದ ಕಟ್ಟಿಕೊಂಡು ಬೆಚ್ಚಗಿಟ್ಟಿದ್ದಳು. ಮಗು ತೀರಿಕೊಂಡದ್ದು ಗುರುವಾರ. ಆ ತಾಯಿ ಅಂದಿನಿಂದ ಪ್ರತಿ ಗುರುವಾರ ಉಪವಾಸವಿರುತ್ತಾಳೆ. ಅದು ನಂತರ ಹುಟ್ಟಿದ ಗಂಡುಮಗುವಿನ ಆರೋಗ್ಯಕ್ಕಾಗಿ ಎಂದು ಮನೆಯವರ ನಂಬಿಕೆ.

‘ಈ ವಿವರಗಳನ್ನು ನೀಡಿದವಳು ಮನೆಯ ಅವಿವಾಹಿತ ನಾದಿನಿ, ವಯಸ್ಸು ಇಪ್ಪತ್ತಮೂರು, ಏಳನೆಯ ತರಗತಿಯವರೆಗೆ ಓದು. ಸೂಲಗಿತ್ತಿಯನ್ನು ಮೂರು ಬೇರೆ ಬೇರೆ ದಿನ ಕೇಳಲಾಯಿತು. ಮೂರು ಬಾರಿಯೂ ಆಕೆ, “ಆ ಮನೆ ಮಾತು ಆ ಮನೆಯವರನ್ನೇ ಕೇಳಿ. ನನ್ನ ಕೈ ಕಂಡದ್ದನ್ನ ನನ್ನ ಬಾಯಿ ಹೇಳೋದಿಲ್ಲ” ಎಂದಳು.’

ಇಷ್ಟೇ. ನೀವು ಹೇಳಿದಂತೆ ನನ್ನ ಮಾತು ಸೇರಿಸಿಲ್ಲ.

ನಾದಿನಿ


ಏಪ್ರಿಲ್ 27

ಗುಬ್ಬಿಗೆ,

ತಲೆಗೂದಲು ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ ಕಣೇ.

ಜ್ವರದಲ್ಲಿ ನನಗೆ ಒಂದು ಬಟ್ಟೆಯ ಗಂಟು ಮಾತ್ರ ನೆನಪು, ಮತ್ತೆ ಅಳುವ ಸದ್ದು, ಅದೂ ಬೆಕ್ಕಿನ ಮರಿಯಷ್ಟು. ಎದ್ದು ಕೂರುವಷ್ಟು ಶಕ್ತಿ ಬಂದಾಗ ಎಲ್ಲ ಮುಗಿದಿತ್ತು. ಕೇಳಬೇಡ ಅಂದರು. ಕೇಳಲಿಲ್ಲ. ಮೂವತ್ತು ವರ್ಷ ಮುಖವಿಲ್ಲದ ಮಗುವಿಗೆ ಉಪವಾಸ ಮಾಡಿದೆ. ಈಗ ನೋಡು, ಕತ್ತಿನವರೆಗೆ ಕೂದಲು. ಕೆನ್ನೆಗೆ ಒತ್ತಿದ ಕೈ. ಕಿರಿಯವಳು ಇವತ್ತಿಗೂ ಹಾಗೇ ಮಲಗುತ್ತಾಳೆ.

ಅವಳು ರಜೆಗೆ ಬಂದಿದ್ದಳು. ನಾನೇ ಕೂರಿಸಿ ನಿನ್ನ ಕಾಗದ ಕೊಟ್ಟೆ. ಓದಿದಳು. “ಹಾಗಾದ್ರೆ ನಾನು ಎರಡನೇ ಮಗಳಾ?” ಅಂದಳು. ಹೌದು ಅಂದೆ. “ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ ಅಮ್ಮಾ?” ಅಂತ ನನ್ನ ತಲೆ ಸವರಿದಳು, ನಾನೇನೋ ಚಿಕ್ಕವಳು ಅನ್ನುವ ಹಾಗೆ. ಇಷ್ಟಕ್ಕೆ ನಾನು ಅಷ್ಟೆಲ್ಲ ಹೆದರಿದ್ದೆ. ಮಗನಿಗೂ ಹೇಳಿದೆ. ಅವನು ಎದ್ದು ಹೊರಗೆ ಹೋಗಿ ಒಂದು ಗಂಟೆ ಸೌದೆ ಒಡೆದ. ಒಲೆಗೆ ಸೌದೆ ಬೇಕಿರಲಿಲ್ಲ.

ಹಾಕು ಆ ಹಾಳೆ. ಇಲ್ಲ ಅಂತ ಅನ್ನಿಸಿಕೊಂಡದ್ದು ಅವಳಿಗೆ ಒಂದು ಸಲ ಸಾಕು. ಈ ಮನೆಯ ಗೋಡೆಯ ಮೇಲೆ ಅವಳ ಫೋಟೋ ಇಲ್ಲ, ಯಾವ ದಫ್ತರದಲ್ಲೂ ಹೆಸರಿಲ್ಲ. ಅವಳಿಗೆ ಅಂತ ಇರುವ ಜಾಗ ನಿನ್ನ ಆ ಪುಟ ಒಂದೇ. ಓದುವವರು ಓದಲಿ.

ಇನ್ನು ನಿನ್ನ ವಿಷಯ. ಕ್ಷಮಿಸಿದ್ದೇನೆ ಅಂತ ಬರೆಯಲು ಕೈ ಬರುತ್ತಿಲ್ಲ. ಬಂದಾಗ ಬರೆಯುತ್ತೇನೆ, ಬರುವ ಮೊದಲೇ ಬರೆದರೆ ಅದು ಇನ್ನೊಂದು ಸುಳ್ಳು. ನೀನು ಹೇಳಿದ್ದಕ್ಕೆ ನನಗೆ ಸಿಟ್ಟಿಲ್ಲ, ತಿಳಿಯಿತಾ? ಈ ಮನೆಯಲ್ಲಿ ಆ ಕೂಸಿಗಾಗಿ ಅತ್ತವಳು ನೀನೊಬ್ಬಳೇ. ‘ನಾನಲ್ಲ’ ಅಂದೆಯಲ್ಲ, ಅದಕ್ಕೆ ಸಿಟ್ಟು.

ಮತ್ತೆ ನನ್ನ ಮೇಲೂ. ಬಾಗಿಲ ಹಿಂದೆ ನಿಂತು ಕೇಳಿದವಳು ಹೊರಗೆ ಬಂದು ಒಂದು ಮಾತು ಆಡಲಿಲ್ಲ. ಅಜ್ಜಿಯನ್ನು ‘ನೀನು ಹೇಳಿದೆಯಾ’ ಅಂತ ಒಂದು ದಿನ ಕೇಳಲಿಲ್ಲ. ಒಂಬತ್ತು ದಿನ ನನ್ನ ಮಗುವನ್ನು ಎದೆಗೆ ಕಟ್ಟಿಕೊಂಡವಳು! ಮೊನ್ನೆ ಅವಳ ಮನೆಯವರೆಗೆ ಹೋದೆ. ಹೊಸಿಲ ಮೇಲೆ ಇರಲಿಲ್ಲ, ಒಳಗೆ ಕೆಮ್ಮುತ್ತಿದ್ದಳು. ಚಪ್ಪಲಿ ಬಿಟ್ಟೆ, ಮತ್ತೆ ಹಾಕಿಕೊಂಡೆ. ಏನಂತ ಒಳಗೆ ಹೋಗಲಿ? ಮಾಡಿದ್ದು ನೀನು, ಮುಖ ತೋರಿಸುವುದು ನಾನಾ? ಮೊದಲು ನೀನು ಹೇಳು ಅವಳಿಗೆ. ಬೇಗ ಹೇಳು. ಕೆಮ್ಮು ಚೆನ್ನಾಗಿಲ್ಲ.

ಅತ್ತಿಗೆ


ಗುರುವಾರ, ಮೇ 9

ಅತ್ತಿಗೆಯವರಿಗೆ ನಮಸ್ಕಾರಗಳು.

ಹಾಳೆ ಕಂಪ್ಯೂಟರಿನೊಳಗೆ ಹೋಯಿತು. ಮೊನ್ನೆ ಮಂಗಳವಾರ, ಹನ್ನೊಂದೂ ಕಾಲಿಗೆ. ಹೇಗೆ ಹೋಯಿತು ಅಂತ ಹೇಳುತ್ತೇನೆ.

ನಿಮ್ಮ ಕಾಗದ ಬರುವ ಹೊತ್ತಿಗೆ ಪೆಟ್ಟಿಗೆಗಳಿಗೆಲ್ಲ ಅಂಟುಪಟ್ಟಿ ಹಾಕಿ ಒಂದರ ಮೇಲೊಂದು ಪೇರಿಸಿಯಾಗಿತ್ತು. ಹೋದ ಗುರುವಾರವೇ ಅಳತೆ ಸಾಹೇಬರ ಹತ್ತಿರ ಹೋಗಿ, ಹದಿನಾಲ್ಕನೆಯ ಸಂಪುಟ ಒಮ್ಮೆ ತೆಗೆಯಬೇಕು, ಚೀಟಿ ತಪ್ಪಾಗಿ ಇಟ್ಟಿದ್ದೇನೆ, ಹಾಳೆ ಇದೆ ಅಂದೆ. ಅವರು ತಲೆಯೆತ್ತದೆ “ಜೋಡಿ ಹಾಳೆ ತಿರುಗಿರ್ಬೇಕು ಬಿಡಮ್ಮ, ಎಲ್ಲರಿಗೂ ಆಗುತ್ತೆ” ಅಂದರು. ಅಲ್ಲಿಗೇ ಬಿಡಬಹುದಿತ್ತು. ನಾಲಿಗೆ ‘ಹೌದು ಸರ್’ ಅನ್ನಲು ಎದ್ದೂ ಇತ್ತು.

“ಇಲ್ಲ ಸರ್. ನೋಡಿಕೊಂಡೇ ಇಟ್ಟೆ” ಅಂದೆ.

ಈಗ ತಲೆ ಎತ್ತಿದರು. “ಯಾಕೆ? ಹುಳ ತಿಂದಿತ್ತಾ?”

“ಹಾಳೆ ಚೆನ್ನಾಗೇ ಇತ್ತು ಸರ್. ತಿಂದದ್ದು ನಾನು.”

“ಏನಮ್ಮ ಒಗಟು ಹೇಳ್ತಾ ಇದ್ದೀರಿ?”

ಒಗಟು ಬಿಡಿಸಿದೆ. ಪೂರ್ತಿ ಅಲ್ಲ, ಬೇಕಾದಷ್ಟು. ಆ ಪುಟದಲ್ಲಿ ನನ್ನ ಬಗ್ಗೆ ಇತ್ತು, ನನಗೆ ನಾಚಿಕೆಯಾಗಿ ಮುಚ್ಚಿದೆ ಅಂದೆ. ಅವರು ಅಡಿಕೋಲು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದರು: “ಒಂದೂವರೆ ವರ್ಷದಲ್ಲಿ ನೀವು ಎಷ್ಟು ಚೀಟಿ ಇಟ್ಟಿದ್ದೀರಿ ಅಮ್ಮ?”

“ಎಪ್ಪತ್ತರ ಮೇಲೆ.”

“ಉಳಿದದ್ದೆಲ್ಲ ನಿಜವಾಗಿ ಇಲ್ಲದ ಹಾಳೆಗಳೇ ಅಂತ ಈಗ ನಾನು ಹೇಗೆ ನಂಬಲಿ?”

ಈಗ ಇಬ್ಬರು ಕೂತು ನಾನು ಇಟ್ಟ ಒಂದೊಂದು ಚೀಟಿಯನ್ನೂ ಮೂಲ ಪುಸ್ತಕ ತೆಗೆದು ನೋಡುತ್ತಿದ್ದಾರೆ. ನಾನು ಪ್ರಾಮಾಣಿಕವಾಗಿ ಇಟ್ಟವನ್ನೂ. ಹಾದು ಹೋಗುವಾಗ ಅವರು ಮಾತು ನಿಲ್ಲಿಸುತ್ತಾರೆ. ಒಂದು ವಾರಕ್ಕೇ ನನಗೆ ತಲೆ ಎತ್ತಲಾಗುತ್ತಿಲ್ಲ. ಅಜ್ಜಿ ಇಪ್ಪತ್ತಾರು ವರ್ಷ ಬೀದಿಯ ಕೊನೆಯಲ್ಲಿ ಹೀಗೆ ಕೂತಿದ್ದಳು, ಏನೂ ಮಾಡದೆ.

ಕೆಲಸ ಉಳಿದಿದೆ. ಕ್ಯಾಮೆರಾ ಮಾತ್ರ ಮುಟ್ಟುವ ಹಾಗಿಲ್ಲ. ಧೂಳು ತೆಗೆಯುವ ಮೇಜಿಗೆ ಹಾಕಿದ್ದಾರೆ. ಆದರೆ ಆ ಒಂದು ಹಾಳೆಯನ್ನು ನೀವೇ ತಿರುಗಿಸಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ ಅಂದರು ಸಾಹೇಬರು. ಆ ಪೆಟ್ಟಿಗೆ ಐದು ಪೆಟ್ಟಿಗೆಗಳಲ್ಲಿ ಅತಿ ಕೆಳಗಿನದು. ಅವರೇ ನಾಲ್ಕನ್ನು ಇಳಿಸಿಕೊಟ್ಟರು, ಸೊಂಟ ಹಿಡಿದುಕೊಂಡು “ಅಯ್ಯೋ” ಅನ್ನುತ್ತಾ. ತೊಟ್ಟಿಲ ಹಲಗೆಯ ಮೇಲೆ ಪುಸ್ತಕ ಮಲಗಿಸಿದೆ. ಗಾಜು ಇಳಿಸುವ ಮುಂಚೆ ಕೂಸಿನ ಆ ಸಾಲಿನ ಮೇಲೆ ಒಮ್ಮೆ ಬ್ರಷ್ಷು ಆಡಿಸಿದೆ, ಧೂಳೇನೂ ಇರಲಿಲ್ಲ. ಮನಸ್ಸಿನಲ್ಲಿ ದೇವರ ಹೆಸರು ಹೇಳಿ ಕಾಲು ಒತ್ತಿದೆ. ಕಿರಿಯವಳಿಗೆ ಹೇಳಿ, ಹದಿನೈದು ದಿನ ಬಿಟ್ಟು ಹುಡುಕಿದರೆ ಸಿಗುತ್ತದೆ. ಅವಳಕ್ಕ ಇನ್ನೂರ ಹದಿನೈದರಲ್ಲಿ ಇದ್ದಾಳೆ.

ಇನ್ನು ಅಜ್ಜಿ. ನೀವು ಹೇಳಿದ್ದು ಸರಿ, ಹೇಳಬೇಕಾದವಳು ನಾನು. ರಜೆ ಕೇಳಿದ್ದೇನೆ. ಚೀಟಿಗಳ ತಪಾಸಣೆ ಮುಗಿಯುವವರೆಗೆ, ಜೂನ್ ಕೊನೆಯವರೆಗೆ ಕೊಡುವುದಿಲ್ಲವಂತೆ. ಅವಳ ಕೆಮ್ಮು ನನ್ನ ರಜೆಗೆ ಕಾಯುವುದಿಲ್ಲ. ಅದಲ್ಲದೆ, ನಾನು ಬಂದು ಅವಳ ಹೊಸಿಲ ಮೇಲೆ ನಿಂತುಬಿಟ್ಟರೆ ಪಾಪ ಆ ಮುದುಕಿ ಏನು ಮಾಡಿಯಾಳು, ಬಾ ಅನ್ನಲೇಬೇಕಾಗುತ್ತದೆ. ಬರಬೇಡ ಅನ್ನುವ ಅವಕಾಶವಾದರೂ ಅವಳಿಗೆ ಇರಲಿ. ಅದಕ್ಕೇ ಕಾಗದ ಬರೆದು ಇದರೊಳಗೆ ಮಡಿಸಿಟ್ಟಿದ್ದೇನೆ.

ದೊಡ್ಡದೇನೂ ಇಲ್ಲ. ‘ಅಜ್ಜಿ, ದೊಡ್ಡ ಮನೆಯ ಮಾತು ಹೊರಗೆ ಹಾಕಿದವಳು ನಾನು. ನಿನ್ನ ಮೇಲೆ ಬರುವ ಹಾಗೆ ಮಾಡಿದವಳೂ ನಾನು. ನೀನು ಮೂರು ಸಲ ಬಾಯಿ ಬಿಡಲಿಲ್ಲ ಅನ್ನುವುದು ಈಗ ಅಚ್ಚಿನಲ್ಲಿ ಇದೆ, ಯಾರು ಬೇಕಾದರೂ ಓದಬಹುದು. ಅದರಿಂದ ನಿನ್ನ ವರ್ಷಗಳು ವಾಪಸ್ಸು ಬರುವುದಿಲ್ಲ ಅಂತ ಗೊತ್ತು. ನಾನು ನಿನ್ನ ಮನೆಗೆ ಬರಬಹುದಾ?’ ಇಷ್ಟೇ ಬರೆದಿದ್ದೇನೆ. ಕ್ಷಮಿಸು ಅಂತ ಬರೆದು ಹೊಡೆದುಹಾಕಿದೆ. ಆ ಪದವನ್ನು ಅವಳ ಮುಂದೆ ನಿಂತು ಹೇಳಬೇಕು, ಅಂಚೆಯಲ್ಲಿ ಕಳಿಸುವಂಥದ್ದಲ್ಲ.

ಅವಳಿಗೆ ಕಣ್ಣು ಕಾಣುವುದಿಲ್ಲ. ಬೇರೆ ಯಾರ ಕೈಯಲ್ಲೂ ಓದಿಸಬೇಡಿ ಅತ್ತಿಗೆ. ಏನಂತ ಒಳಗೆ ಹೋಗಲಿ ಅಂದಿರಲ್ಲ, ಈ ಕಾಗದ ಹಿಡಿದುಕೊಂಡು ಹೋಗಿ. ಹತ್ತಿರ ಕೂತು ಓದಿ, ಅವಳಿಗೆ ಕೇಳಿಸುವ ಹಾಗೆ. ಓದಿ ಮುಗಿಸಿ ತಕ್ಷಣ ಏಳಬೇಡಿ. ಅವಳು ಹೊತ್ತು ತೆಗೆದುಕೊಂಡರೆ ತೆಗೆದುಕೊಳ್ಳಲಿ. ಬೈದರೆ ಆ ಬೈಗುಳ, ಬಾ ಅಂದರೆ ಬಾ ಅಂತ, ಏನೂ ಅನ್ನದೆ ಮಗ್ಗುಲು ತಿರುಗಿಸಿದರೆ ಅದೂ ಸರಿ, ಅವಳು ಕೊಟ್ಟದ್ದನ್ನು ಕೊಟ್ಟ ಹಾಗೇ ಬರೆದುಕೊಳ್ಳಿ. ನಾನು ಇಲ್ಲಿ ಕಾಯುತ್ತಿರುತ್ತೇನೆ. ನೀವೇ ಹೋಗಿ ಅವಳ ಉತ್ತರ ತಂದುಕೊಡಿ.

ನಿಮ್ಮ
ಗುಬ್ಬಿ